ಮೈಸೂರಿನಲ್ಲಿ ಹೋಟೆಲಿನ ಬದಲು ಫ್ಲಾಟಿನಲ್ಲಿ ತಂಗುವವರಿಗೆ: ವಿಚಾರಿಸುವುದರಿಂದ ಬೀಗದ ಕೈ ಹಿಂತಿರುಗಿಸುವವರೆಗೆ

ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ನಾಲ್ಕು ವರ್ಷದ ಮಗನನ್ನು ಕರೆತಂದ ನನ್ನ ತಂಗಿ ಮೊದಲ ಒಂಬತ್ತು ದಿನಗಳನ್ನು ಮೈಸೂರು ರೈಲು ನಿಲ್ದಾಣದ ಸಮೀಪದ ಹೋಟೆಲೊಂದರಲ್ಲಿ ಕಳೆದಳು. ಮಂಡ್ಯದಲ್ಲಿರುವ ನಮ್ಮ ಮನೆಯಿಂದ ದಿನವೂ ಸುಮಾರು 45 ಕಿಲೋಮೀಟರ್ ಹೋಗಿ ಬರುವುದು ಆ ಮಗುವಿಗೆ ಆಗದ ಮಾತಾಗಿತ್ತು. ಹೋಟೆಲಿನ ಕೊಠಡಿ ಶುಚಿಯಾಗಿತ್ತು, ಸಿಬ್ಬಂದಿಯೂ ಸೌಜನ್ಯದವರೇ. ಆದರೆ ಮಗು ತಿನ್ನುವ ಮೆತ್ತನೆಯ ತುಪ್ಪದನ್ನ ಅಲ್ಲಿ ಸಿಗುತ್ತಿರಲಿಲ್ಲ, ಒಗೆದ ಬಟ್ಟೆ ಸ್ನಾನದ ಮನೆಯ ಕೊಕ್ಕೆಯಲ್ಲೇ ಒಣಗಬೇಕಿತ್ತು, ಮಧ್ಯಾಹ್ನ ಮಗು ಮಲಗಿದರೆ ದೊಡ್ಡವರೆಲ್ಲ ಕತ್ತಲೆಯಲ್ಲಿ ಕೂರಬೇಕಿತ್ತು. ಹತ್ತನೆಯ ದಿನ ಸರಸ್ವತಿಪುರಂನ ಎರಡು ಕೋಣೆಯ ಫ್ಲಾಟೊಂದಕ್ಕೆ ಹೋದೆವು, ಆರು ವಾರ ಅಲ್ಲಿದ್ದೆವು. ಅಂದಿನಿಂದ ಆಸ್ಪತ್ರೆಗೆಂದು, ಪರೀಕ್ಷೆಗೆಂದು, ದಸರೆಗೆಂದು ಬರುವ ನೆಂಟರಿಷ್ಟರಿಗೆ ಇಂತಹ ಮನೆ ಗೊತ್ತುಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಈ ಅನುಭವದಿಂದ ನನಗೆ ಸ್ಪಷ್ಟವಾದ ಸಂಗತಿ ಒಂದೇ. ಇದು ಅಡುಗೆಮನೆ ಇರುವ ಹೋಟೆಲ್ ಅಲ್ಲ. ಸಂಸಾರ ಹೂಡಲೆಂದು ಕಟ್ಟಿದ ಮನೆಯನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಿರುವುದು. ನೀರು ಬಾರದಿದ್ದರೆ, ಗ್ಯಾಸ್ ಮುಗಿದರೆ, ಬಾಗಿಲು ತೆರೆಯದಿದ್ದರೆ ಹೋಟೆಲಿನಲ್ಲಿ ಕೆಳಗಿನ ಕೌಂಟರಿಗೆ ಒಂದು ಮಾತು ಹೇಳಿದರಾಯಿತು. ಫ್ಲಾಟಿನಲ್ಲಿ ಆ ಹೊಣೆ ಯಾರದೆಂಬುದನ್ನು ಹಣ ಕೊಡುವ ಮೊದಲೇ ತಿಳಿದುಕೊಳ್ಳಬೇಕು. ಮುಂದೆ ಹೇಳುವ ಹಂತಗಳಲ್ಲಿ ಬಹುಪಾಲು ಇದನ್ನು ತಿಳಿಯುವ ಬಗೆಗಳೇ ಆಗಿವೆ.

ಹಂತ 1: ಫ್ಲಾಟ್ ನಿಜವಾಗಿಯೂ ಬೇಕೇ ಎಂದು ಲೆಕ್ಕ ಹಾಕುವುದು

ಎರಡು ರಾತ್ರಿ ಇದ್ದು ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ ನೋಡಿಕೊಂಡು ಹೊರಡುವ ದಂಪತಿಗೆ ಹೋಟೆಲೇ ಸರಿ. ಬೀಗದ ಕೈಗಾಗಿ ಕಾಯುವುದು, ಎಣ್ಣೆ ಉಪ್ಪು ಕೊಳ್ಳುವುದು, ಪಾತ್ರೆ ತೊಳೆಯುವುದು ಇವೆಲ್ಲ ಅವರ ರಜೆಯನ್ನೇ ನುಂಗುತ್ತವೆ. ನಾಲ್ಕು ದಿನಕ್ಕಿಂತ ಹೆಚ್ಚು ಇರುವವರು, ಮೂವರಿಗಿಂತ ಹೆಚ್ಚಿರುವ ಕುಟುಂಬ, ಪಥ್ಯದ ಊಟದವರು, ಶಸ್ತ್ರಚಿಕಿತ್ಸೆಯ ನಂತರ ವಿಶ್ರಾಂತಿಯಲ್ಲಿರುವವರು ಮತ್ತು ಚಿಕ್ಕ ಮಕ್ಕಳಿರುವವರು ಫ್ಲಾಟಿನ ಬಗ್ಗೆ ಯೋಚಿಸಬಹುದು.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿನ ದರಗಳು ಕೂಡಿ ಕಳೆಯುವ ಅನುಕೂಲಕ್ಕಾಗಿ ಇಟ್ಟುಕೊಂಡವು. ಐದು ಜನರ ಕುಟುಂಬಕ್ಕೆ ಹೋಟೆಲಿನಲ್ಲಿ 2,000 ರೂಪಾಯಿಯ ಎರಡು ಕೊಠಡಿ ಬೇಕು, ಶೇ. 5ರ ಜಿಎಸ್‌ಟಿ ಸೇರಿ 4,200 ರೂಪಾಯಿ. ತಲೆಗೆ ಹೊತ್ತಿಗೆ 100 ರೂಪಾಯಿಯಂತೆ ಮೂರು ಹೊತ್ತಿನ ಊಟಕ್ಕೆ 1,500. ಒಟ್ಟು ದಿನಕ್ಕೆ 5,700. ತೆರಿಗೆ ಸೇರಿ 3,000 ರೂಪಾಯಿಯ ಫ್ಲಾಟಿನಲ್ಲಿ ದಿನಸಿ ತರಕಾರಿಗೆ 600, ಕೆಲಸದವರಿಗೆ 200 ಎಂದರೆ 3,800. ಮೊದಲ ದಿನದ ಸಾಮಾನಿಗೂ ಒಮ್ಮೆ ಕೊಡುವ ಶುಚಿತ್ವ ಶುಲ್ಕಕ್ಕೂ 2,500 ಹೋದರೂ ಎರಡನೆಯ ದಿನ ಮುಗಿಯುವಷ್ಟರಲ್ಲಿ ಗಿಟ್ಟುತ್ತದೆ. ಇಬ್ಬರೇ ಇದ್ದು ಹೋಟೆಲಿನ ಒಂದೇ ಕೊಠಡಿ ಸಾಕಾಗುವುದಾದರೆ ಇದೇ ಲೆಕ್ಕ ತಿರುವುಮುರುವಾಗುತ್ತದೆ. ಉಳಿತಾಯ ಹುಟ್ಟುವುದು ಬಾಡಿಗೆಯಿಂದಲ್ಲ, ತಲೆಯೆಣಿಕೆ ಮತ್ತು ಒಲೆಯಿಂದ.

ಹಂತ 2: ಯಾವ ಬಗೆಯದೆಂದು ಗುರುತಿಸುವುದು

“ಸರ್ವಿಸ್ ಅಪಾರ್ಟ್‌ಮೆಂಟ್” ಎಂಬ ಒಂದೇ ಫಲಕದಡಿ ಮೈಸೂರಿನಲ್ಲಿ ಮೂರು ಬಗೆಯ ಮನೆಗಳು ಸಿಗುತ್ತವೆ. ಇಡೀ ಕಟ್ಟಡವನ್ನು ಒಬ್ಬರೇ ನಡೆಸುವುದು ಮೊದಲನೆಯದು. ಇಲ್ಲಿ ರಾತ್ರಿಯೂ ಒಬ್ಬ ನೌಕರ ಇರುತ್ತಾನೆ, ರಶೀದಿ ಸಿಗುತ್ತದೆ, ದರ ತುಸು ಹೆಚ್ಚು. ಸಂಸಾರಸ್ಥರೇ ತುಂಬಿರುವ ಅಪಾರ್ಟ್‌ಮೆಂಟಿನಲ್ಲಿ ಮಾಲೀಕರೊಬ್ಬರು ತಮ್ಮ ಒಂದು ಫ್ಲಾಟನ್ನು ಮಾತ್ರ ಹೀಗೆ ಕೊಡುವುದು ಎರಡನೆಯದು. ಒಳ್ಳೆಯ ಮನೆಗಳು ಈ ಗುಂಪಿನಲ್ಲೇ ಹೆಚ್ಚು, ತಕರಾರುಗಳೂ ಇಲ್ಲೇ ಹೆಚ್ಚು. ಮಾಲೀಕರು ಕೆಳಗಿದ್ದು ಮೇಲಿನ ಮಹಡಿಯನ್ನು ಬಿಟ್ಟುಕೊಡುವುದು ಮೂರನೆಯದು. ವಯಸ್ಸಾದವರ ಜೊತೆ ಬರುವವರಿಗೆ ನಾನು ಈ ಮೂರನೆಯದನ್ನೇ ಹೇಳುತ್ತೇನೆ. ಮೆಟ್ಟಿಲು ಹತ್ತಬೇಕಾದರೂ, ರಾತ್ರಿ ಹನ್ನೊಂದಕ್ಕೆ ಕಷಾಯಕ್ಕೆ ಶುಂಠಿ ಬೇಕಾದರೆ ಕೇಳಲು ಒಬ್ಬರು ಇರುತ್ತಾರೆ.

ಹಂತ 3: ಬಡಾವಣೆ ಆರಿಸುವುದು

ಬಂದ ಕೆಲಸಕ್ಕೆ ಹತ್ತಿರವಿರಬೇಕೇ ಹೊರತು ಅರಮನೆಗೆ ಹತ್ತಿರವಿರಬೇಕಾಗಿಲ್ಲ. ಮಾನಸಗಂಗೋತ್ರಿಯ ಕಡೆ ಕೆಲಸವಿದ್ದರೆ ಸರಸ್ವತಿಪುರಂ, ಜಯಲಕ್ಷ್ಮೀಪುರಂ ಮತ್ತು ಬೋಗಾದಿ ರಸ್ತೆಯ ಆಸುಪಾಸು ಸೂಕ್ತ. ಕುಕ್ಕರಹಳ್ಳಿ ಕೆರೆಯ ಏರಿ ಬೆಳಗಿನ ನಡಿಗೆಗೂ ಒದಗುತ್ತದೆ. ಕೆರೆಗೆ ಸಮೀಪದ ಮನೆಗಳಲ್ಲಿ ಕಿಟಕಿಗೆ ಸೊಳ್ಳೆ ಪರದೆ ಇದೆಯೇ ಎಂದು ಮಾತ್ರ ಕೇಳಲೇಬೇಕು. ಕೆ.ಆರ್.ಎಸ್. ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಬರುವವರಿಗೆ ಗೋಕುಲಂ, ಯಾದವಗಿರಿ, ಒಂಟಿಕೊಪ್ಪಲು ಅನುಕೂಲ. ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿಯರು ವರ್ಷಗಳಿಂದ ಗೋಕುಲಂನಲ್ಲಿ ತಿಂಗಳುಗಟ್ಟಲೆ ಉಳಿಯುತ್ತ ಬಂದಿರುವುದರಿಂದ ಅಲ್ಲಿ ಪಾತ್ರೆ ಹಾಸಿಗೆಗಳಿರುವ ಮನೆಗಳಿಗೆ ಕೊರತೆಯಿಲ್ಲ. ಇನ್ಫೋಸಿಸ್ ಆವರಣಕ್ಕೆ ಬರುವವರಿಗೆ ಹೆಬ್ಬಾಳ, ವಿಜಯನಗರ. ಮಹಾತ್ಮ ಗಾಂಧಿ ರಸ್ತೆಯ ಜೆಎಸ್‌ಎಸ್ ಆಸ್ಪತ್ರೆಗೆ ಬರುವವರು ಅಗ್ರಹಾರ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಕಡೆ ನೋಡಬಹುದು. ಅಲ್ಲಿ ಹಳೆಯ ಮನೆಗಳೇ ಹೆಚ್ಚು, ಕಾರು ನಿಲ್ಲಿಸಲು ಜಾಗ ಕಡಿಮೆ.

ಹಂತ 4: ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಚಿತ್ರಗಳನ್ನು ನಂಬಿ ಮನೆ ಹಿಡಿಯುವುದು ಕೂಡದು. ಚಿತ್ರದಲ್ಲಿ ಸೋಫಾ ಕಾಣುತ್ತದೆ, ಸಂಪು ಕಾಣುವುದಿಲ್ಲ. ಮಾಲೀಕರಿಗೆ ನೇರವಾಗಿ ಫೋನ್ ಮಾಡಿ, ಉತ್ತರಗಳನ್ನು ವಾಟ್ಸಾಪಿನಲ್ಲಿ ಬರೆದು ಕಳಿಸುವಂತೆ ಕೇಳುವುದು ಒಳ್ಳೆಯದು.

ಮೊದಲ ಪ್ರಶ್ನೆ: ದಿನದ ಬಾಡಿಗೆಗೆ ಕೊಡಲು ಅಪಾರ್ಟ್‌ಮೆಂಟಿನ ಸಂಘದ ಒಪ್ಪಿಗೆ ಇದೆಯೇ? ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮ, 1972ರಡಿ ನಡೆಯುವ ಕಟ್ಟಡಗಳಲ್ಲಿ ಪ್ರತಿಯೊಬ್ಬ ಮಾಲೀಕರೂ ಸಂಘದ ಉಪವಿಧಿಗಳಿಗೆ ಬದ್ಧರಾಗಿರಬೇಕು. ಉಪವಿಧಿಯಲ್ಲಿ ವಾಸಕ್ಕೆ ಮಾತ್ರ ಎಂದಿದ್ದರೆ ಗೇಟಿನಲ್ಲೇ ತಕರಾರು ಏಳುತ್ತದೆ. ಬೆಂಗಳೂರಿನಿಂದ ಬಂದ ನಮ್ಮ ಚಿಕ್ಕಪ್ಪನವರನ್ನು ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್ ರಾತ್ರಿ ಹತ್ತೂವರೆಗೆ ಒಳಗೆ ಬಿಡಲಿಲ್ಲ. “ದಿನದ ಗಿರಾಕಿಗಳನ್ನು ಬಿಡಬೇಡ ಅಂತ ಸೆಕ್ರೆಟರಿ ಸಾಹೇಬ್ರು ಹೇಳವ್ರೆ ಸಾರ್, ನಂದೇನೂ ಇಲ್ಲ” ಎಂದು ಅವನು ಕೈ ಮುಗಿದ. ಮಾಲೀಕರ ಫೋನ್ ಬಂದ್ ಆಗಿತ್ತು. ಎಪ್ಪತ್ತು ದಾಟಿದ ಚಿಕ್ಕಪ್ಪ ಒಂದು ಗಂಟೆ ಕಾರಿನಲ್ಲೇ ಕುಳಿತು, ಕೊನೆಗೆ ಹೋಟೆಲಿಗೆ ಹೋದರು. ಆದ್ದರಿಂದ ವಾಚ್‌ಮನ್‌ಗೆ ನಿಮ್ಮ ಹೆಸರು, ವಾಹನದ ಸಂಖ್ಯೆ ಮತ್ತು ಬರುವ ಹೊತ್ತನ್ನು ತಿಳಿಸಿರುವಂತೆ ಹಿಂದಿನ ದಿನವೇ ಖಚಿತಪಡಿಸಿಕೊಳ್ಳಬೇಕು. ಮಾಲೀಕರದಲ್ಲದೆ ಇನ್ನೊಬ್ಬರ ಫೋನ್ ಸಂಖ್ಯೆಯನ್ನೂ ಪಡೆದಿರಬೇಕು.

ಎರಡನೆಯದು ನೀರು. ಕಾವೇರಿ ನೀರೋ, ಬೋರ್‌ವೆಲ್ ನೀರೋ, ಎರಡೂ ಬೆರೆತದ್ದೋ? ನಲ್ಲಿಗೆ ನೀರು ಯಾವ ಹೊತ್ತಿಗೆ ಬರುತ್ತದೆ, ಮೋಟಾರು ಹಾಕುವವರು ಯಾರು? ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಕುಡಿಯುವ ನೀರಿಗೆ ಫಿಲ್ಟರ್ ಇದೆಯೇ, ಕ್ಯಾನ್ ತರಿಸಬೇಕೇ ಎಂಬುದನ್ನೂ ಕೇಳಬೇಕು.

ಮೂರನೆಯದು ಬಿಸಿನೀರು. ಮೈಸೂರಿನ ತಾರಸಿಗಳಲ್ಲಿ ಸೋಲಾರ್ ಸಾಮಾನ್ಯ. ಜುಲೈ ಆಗಸ್ಟ್‌ನ ಮೋಡದ ದಿನಗಳಲ್ಲಿ ಅದರ ಜೊತೆಗೆ ವಿದ್ಯುತ್ ಗೀಸರ್ ಇರಬೇಕು. ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಒಳಗೇ ಜೋಡಿಸಿದ್ದರೆ ಆ ಮನೆ ಎಷ್ಟೇ ಚೆನ್ನಾಗಿದ್ದರೂ ಬೇಡವೆನ್ನಬೇಕು. ಗಾಳಿಯಾಡದ ಜಾಗದಲ್ಲಿ ಅದು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರಿಗೆ ಎಚ್ಚರ ತಪ್ಪುವವರೆಗೆ ತಿಳಿಯದೇ ಹೋಗಬಹುದು. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು.

ಲಿಫ್ಟ್ ಇದೆಯೇ ಎಂದಷ್ಟೇ ಕೇಳಿ ಬಿಡಬಾರದು. ಕರೆಂಟ್ ಹೋದಾಗ ಅದು ಜನರೇಟರಿನಲ್ಲಿ ನಡೆಯುತ್ತದೆಯೇ ಎಂದೂ ಕೇಳಬೇಕು. ಮಂಡಿ ನೋವಿನವರಿದ್ದರೆ ಕಮೋಡ್ ಬೇಕು, ಅಭ್ಯಾಸವಿಲ್ಲದ ಹಿರಿಯರಿದ್ದರೆ ಇಂಡಿಯನ್ ಶೌಚಾಲಯ ಬೇಕು. ಎರಡೂ ಇರುವ ಮನೆ ಸಿಕ್ಕರೆ ಐನೂರು ರೂಪಾಯಿ ಹೆಚ್ಚಾದರೂ ಹಿಡಿಯಬಹುದು. ಮನೆಯಲ್ಲಿ ಮಾಂಸದಡುಗೆ ಮಾಡಬಹುದೇ, ನೋಡಲು ಬರುವ ನೆಂಟರು ರಾತ್ರಿ ಉಳಿಯಬಹುದೇ ಎಂಬ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಮೊದಲೇ ಕೇಳಿಬಿಡಬೇಕು. ಇವು ಜಗಳಕ್ಕೆ ಮೂಲವಾಗುವುದು ಸಾಮಾನ್ಯವಾಗಿ ಮೂರನೆಯ ದಿನ.

ಹಂತ 5: ಹಣ ಮತ್ತು ಕಾಗದ

“ಅಡ್ವಾನ್ಸ್” ಎಂಬ ಮಾತಿನ ಬಗ್ಗೆ ಎಚ್ಚರವಿರಲಿ. ಮನೆ ಬಾಡಿಗೆಯ ಮಾತಿನಲ್ಲಿ ಮೈಸೂರಿನವರಿಗೆ ಅಡ್ವಾನ್ಸ್ ಎಂದರೆ ಬಿಡುವಾಗ ಹಿಂತಿರುಗಿಸುವ ಠೇವಣಿ. ಲಾಡ್ಜಿನ ಮಾತಿನಲ್ಲಿ ಅಡ್ವಾನ್ಸ್ ಎಂದರೆ ಬಾಡಿಗೆಯಲ್ಲಿ ಮುರಿದುಕೊಳ್ಳುವ ಮುಂಗಡ. ದಿನದ ಬಾಡಿಗೆಯ ಫ್ಲಾಟ್ ಇವೆರಡರ ನಡುವೆ ನಿಂತಿರುವುದರಿಂದ ಕೊಟ್ಟವರು ಒಂದು ಅರ್ಥದಲ್ಲಿ, ಪಡೆದವರು ಇನ್ನೊಂದು ಅರ್ಥದಲ್ಲಿ ತಿಳಿದಿರುವುದುಂಟು. “5,000 ರೂಪಾಯಿ, ಬಾಡಿಗೆಗೆ ಸೇರದ ಠೇವಣಿ, ಖಾಲಿ ಮಾಡುವ ದಿನ ಹಿಂತಿರುಗಿಸತಕ್ಕದ್ದು” ಎಂಬ ಒಂದು ಸಾಲು ಬರವಣಿಗೆಯಲ್ಲಿ ಇರಲಿ.

ತೆರಿಗೆಯ ವಿಚಾರ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ತಂಗುವ ಕೊಠಡಿಗಳಿಗೆ ಜಿಎಸ್‌ಟಿ ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 18. ಹಳೆಯ ಶೇ. 12ರ ದರವನ್ನು ಯಾರಾದರೂ ಈಗಲೂ ಹೇಳಿದರೆ ಬಿಲ್ ತೋರಿಸಲು ಕೇಳಬಹುದು. ಜಿಎಸ್‌ಟಿ ಸಂಖ್ಯೆಯೇ ಇಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ.

ವಿದ್ಯುತ್ ಬಾಡಿಗೆಯಲ್ಲೇ ಸೇರಿದೆಯೇ, ಮೀಟರಿನ ಪ್ರಕಾರವೇ? ವಾರಗಟ್ಟಲೆ ಇರುವವರಿಗೆ ಮೀಟರಿನ ಲೆಕ್ಕ ಹೇಳುವುದು ರೂಢಿ. ಆಗ ಯೂನಿಟ್ಟಿಗೆ ಎಷ್ಟೆಂದು ಬರೆಸಿಕೊಳ್ಳಬೇಕು. ಚಾಮುಂಡೇಶ್ವರಿ ವಿದ್ಯುತ್ ನಿಗಮದಲ್ಲಿ ಗೃಹಬಳಕೆಯ ದರ ಬೇರೆ, ವಾಣಿಜ್ಯ ದರ ಬೇರೆ. ಗೃಹಜ್ಯೋತಿಯ ರಿಯಾಯಿತಿ ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ ಇರುವುದರಿಂದ, “ನಮ್ಮ ಬಿಲ್ ಸೊನ್ನೆ ಬರುತ್ತದೆ” ಎಂಬ ಮಾತನ್ನು ನಂಬಿ ಲೆಕ್ಕ ಹಾಕಬಾರದು.

ಗುರುತಿನ ಚೀಟಿಯ ಪ್ರತಿ ಕೇಳಿದರೆ ಕೊಡಬೇಕು, ಆದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ. ಅದನ್ನು ಆಧಾರ್ ಪ್ರಾಧಿಕಾರದ ತಾಣದಿಂದ ಇಳಿಸಿಕೊಳ್ಳಬಹುದು. ಜೊತೆಯಲ್ಲಿ ವಿದೇಶಿ ಪ್ರಜೆಗಳಿದ್ದರೆ ಅವರು ಬಂದ 24 ಗಂಟೆಯೊಳಗೆ ಮನೆಯವರು ಅವರ ವಿವರವನ್ನು, “ಫಾರಂ ಸಿ” ಎಂದು ರೂಢಿಯಲ್ಲಿ ಕರೆಯುವ ನಮೂನೆಯಲ್ಲಿ, ವಿದೇಶಿಯರ ನೋಂದಣಿ ಅಧಿಕಾರಿಗಳಿಗೆ ಸಲ್ಲಿಸಬೇಕು. ಇದನ್ನು ಕೇಳಿಯೇ ಇಲ್ಲವೆನ್ನುವ ಮಾಲೀಕರ ಮನೆಗೆ ವಿದೇಶದ ಅತಿಥಿಗಳನ್ನು ಕರೆದೊಯ್ಯದಿರುವುದು ಕ್ಷೇಮ.

ಹಂತ 6: ಬೀಗ ತೆರೆದ ಮೇಲಿನ ಮೊದಲ ಒಂದು ಗಂಟೆ

ಚೀಲಗಳನ್ನು ಬಾಗಿಲ ಬಳಿಯೇ ಇಟ್ಟು, ಮನೆ ತೋರಿಸಲು ಬಂದವರು ಅಲ್ಲೇ ಇರುವಾಗ, ಫೋನಿನಲ್ಲಿ ವಿಡಿಯೊ ಮಾಡುತ್ತ ಮನೆಯನ್ನು ಒಂದು ಸುತ್ತು ಹಾಕಬೇಕು. ಗೋಡೆಯ ತೇವ, ಮೇಜಿನ ಗೀರು, ಒಡೆದ ಗಾಜು, ಮೀಟರಿನ ಅಂಕಿ ಎಲ್ಲವೂ ಅದರಲ್ಲಿ ಬರಲಿ. ಪ್ರತಿ ನಲ್ಲಿಯನ್ನೂ ಪ್ರತಿ ಸ್ವಿಚ್ಚನ್ನೂ ಒಮ್ಮೆ ಹಾಕಿ ನೋಡಬೇಕು. ಮುಂಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಇರಲೇಬೇಕು. ಬೀಗದ ಇನ್ನೊಂದು ಕೈ ಯಾರ ಬಳಿ ಇದೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಹಾಸಿಗೆಯ ಎದುರು ವಿನಾಕಾರಣ ಇಟ್ಟ ಗಡಿಯಾರ, ಚಾರ್ಜರ್ ಮುಂತಾದವುಗಳಲ್ಲಿ ಕ್ಯಾಮೆರಾ ಅಡಗಿರಬಹುದೆಂಬ ಅನುಮಾನವಿದ್ದರೆ ಅವನ್ನು ಕಿತ್ತು ಕಪಾಟಿನಲ್ಲಿಡಬಹುದು.

ಅಡುಗೆಮನೆಯಲ್ಲಿ ತುಸು ನಿಧಾನಿಸಬೇಕು. ಸರಸ್ವತಿಪುರಂನ ಆ ಫ್ಲಾಟಿನ ಚಿತ್ರದಲ್ಲಿ “ಸುಸಜ್ಜಿತ ಅಡುಗೆಮನೆ” ಎಂದಿತ್ತು. ಡ್ರಾಯರ್ ಎಳೆದರೆ ಆರು ಫೋರ್ಕು, ಒಂದು ವೈನ್ ಬಾಟಲಿಯ ಬಿರಡೆ ತೆಗೆಯುವ ತಿರುಪು, ಮೊಂಡು ಚಾಕು. ಲಟ್ಟಣಿಗೆ ಇಲ್ಲ, ಒಗ್ಗರಣೆ ಸೌಟು ಇಲ್ಲ, ಇಕ್ಕಳ ಇಲ್ಲ. ಕುಕ್ಕರ್ ಇತ್ತು, ಅದರ ಗ್ಯಾಸ್ಕೆಟ್ ಬಿಗಿ ಕಳೆದುಕೊಂಡಿತ್ತು. ಮೊದಲ ದಿನ ಅನ್ನಕ್ಕಿಟ್ಟರೆ ವಿಷಲ್ ಬರುವ ಬದಲು ಪಕ್ಕದಿಂದ ಗಂಜಿ ಉಕ್ಕಿ ಒಲೆ ಆರಿತು. ನಮ್ಮಮ್ಮ ಮಾತಾಡದೆ ಕುಕ್ಕರ್ ಪಕ್ಕಕ್ಕಿಟ್ಟು, ತೆರೆದ ಪಾತ್ರೆಯಲ್ಲಿ ಅನ್ನ ಬೇಯಿಸಿ, ತಟ್ಟೆ ಮುಚ್ಚಿ, ಸೀರೆಯ ಸೆರಗಿನಲ್ಲಿ ಹಿಡಿದು ಗಂಜಿ ಬಸಿದರು. ಅಂದಿನಿಂದ ಹೊರಡುವ ಯಾರಿಗಾದರೂ ಒಂದು ಚಿಕ್ಕ ಚೀಲ ಕಟ್ಟಿಕೊಡುತ್ತೇನೆ: ಇಕ್ಕಳ, ಒಗ್ಗರಣೆ ಸೌಟು, ಹರಿತವಾದ ಚಾಕು, ಫಿಲ್ಟರ್ ಕಾಫಿಯ ಪಾತ್ರೆ, ಬಟ್ಟೆ ಒಣಹಾಕಲು ಹಗ್ಗ, ಎರಡು ಹಳೆಯ ಪಂಚೆಯ ತುಂಡು.

ಗ್ಯಾಸ್ ಎಷ್ಟಿದೆಯೆಂದು ತಿಳಿಯಲು ಸಿಲಿಂಡರನ್ನು ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಗೆ ಒರೆಸಿ ಕಾಯಬೇಕು. ಖಾಲಿಯಾದ ಭಾಗ ಬೇಗ ಒಣಗುತ್ತದೆ, ದ್ರವ ಇರುವ ಭಾಗ ತಣ್ಣಗಿರುವುದರಿಂದ ತಡವಾಗಿ ಒಣಗುತ್ತದೆ. ಆ ಗೆರೆಯೇ ಅಳತೆ. ರಬ್ಬರ್ ಟ್ಯೂಬಿನ ಮೇಲೆ ಮುದ್ರಿಸಿರುವ ಅವಧಿ ಮುಗಿದಿದ್ದರೆ ಬದಲಿಸಲು ಹೇಳಬೇಕು. ಗ್ಯಾಸ್ ಸೋರಿಕೆಯಾದರೆ ಕಿಟಕಿ ತೆರೆದು, ಸ್ವಿಚ್ ಮುಟ್ಟದೆ ಹೊರಬಂದು 1906ಕ್ಕೆ ಕರೆ ಮಾಡಬೇಕು.

ಹಂತ 7: ಇರುವಷ್ಟು ದಿನ

ಮೊದಲ ಸಂಜೆಯೇ ಹತ್ತಿರದ ನಂದಿನಿ ಬೂತ್, ಔಷಧಿ ಅಂಗಡಿ ಮತ್ತು ಹಾಪ್‌ಕಾಮ್ಸ್ ಮಳಿಗೆ ಎಲ್ಲಿವೆಯೆಂದು ನೋಡಿಟ್ಟುಕೊಂಡರೆ ಬೆಳಗಿನ ಓಡಾಟ ತಪ್ಪುತ್ತದೆ. ಹಸಿ ಕಸ, ಒಣ ಕಸ ಬೇರೆ ಬೇರೆ ಇಡಬೇಕು. ಮೈಸೂರಿನಲ್ಲಿ ಬೆರೆಸಿದ ಕಸವನ್ನು ಗಾಡಿಯವರು ಹಿಂದಕ್ಕೆ ಕೊಡುತ್ತಾರೆ, ಕೊಡುವುದೂ ಸರಿಯೇ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ಊರಿದು. ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳುವುದೇ ಅವರ ಪರಿಚಯಕ್ಕೆ ಒಳ್ಳೆಯ ನೆಪ. ಅವರಿಗೆ ನೀವು ಗಿರಾಕಿಯಲ್ಲ, ಅಕ್ಕಪಕ್ಕದವರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮೆಟ್ಟಿಲ ಮೇಲೆ ಮಕ್ಕಳ ಗದ್ದಲ ಬೇಡ, ಬೇರೆಯವರ ಪಾರ್ಕಿಂಗ್ ಜಾಗದಲ್ಲಿ ಐದು ನಿಮಿಷವೂ ಕಾರು ಬೇಡ.

ದಸರೆಗೆ ಬರುವವರಿಗೆ ಒಂದು ಮಾತು. ಜಂಬೂಸವಾರಿಯ ದಿನ ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯ ಮೂಲಕ ಬನ್ನಿಮಂಟಪದವರೆಗೆ ಮೆರವಣಿಗೆ ಸಾಗುವುದರಿಂದ ಸುತ್ತಲಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಆ ದಾರಿಗೆ ಅಂಟಿಕೊಂಡ ಮನೆಗಿಂತ, ಲಕ್ಷ್ಮೀಪುರಂ ಅಥವಾ ಸರಸ್ವತಿಪುರಂನಂತೆ ನಡೆದು ಹೋಗಬಹುದಾದ, ಆದರೆ ಕಾರು ಹೊರತೆಗೆಯಲು ಬರುವ ಜಾಗ ಮೇಲು. ಬಾಡಿಗೆ ಆ ಹತ್ತು ದಿನ ಏರುತ್ತದೆ. ಒಪ್ಪಿಕೊಂಡ ದರವನ್ನು ಕೊನೆಯ ವಾರದಲ್ಲಿ ಏರಿಸದಿರಲು ದಿನಾಂಕ ಮತ್ತು ದರ ಎರಡನ್ನೂ ಬರೆಸಿಕೊಂಡಿರಬೇಕು.

ಹಂತ 8: ಖಾಲಿ ಮಾಡುವುದು

ಹೊರಡುವ ಹಿಂದಿನ ದಿನ ಮಾಲೀಕರಿಗೆ ಹೊತ್ತು ತಿಳಿಸಿ, ಮನೆ ನೋಡಲು ಯಾರನ್ನಾದರೂ ಕಳಿಸುವಂತೆ ಹೇಳಬೇಕು. ಫ್ರಿಜ್ ಖಾಲಿ ಮಾಡಿ, ಕಸ ಹೊರಗಿಟ್ಟು, ಮೊದಲ ದಿನದ ವಿಡಿಯೊದ ಕ್ರಮದಲ್ಲೇ ಇನ್ನೊಂದು ವಿಡಿಯೊ ತೆಗೆದು, ಮೀಟರಿನ ಅಂಕಿಯ ಚಿತ್ರ ಕಳಿಸಬೇಕು. ಠೇವಣಿ ಖಾತೆಗೆ ಬಂದ ಸಂದೇಶ ನೋಡಿದ ಮೇಲೆ ಬೀಗದ ಕೈ ಕೊಡುವುದು ನನ್ನ ಪದ್ಧತಿ. ಇದನ್ನು ಮೊದಲ ಫೋನಿನಲ್ಲೇ ಹೇಳಿಟ್ಟರೆ ಯಾರೂ ಬೇಸರಿಸುವುದಿಲ್ಲ. ಕಾರಣವಿಲ್ಲದೆ ಹಣ ಹಿಡಿದರೆ, ಬರೆಸಿಕೊಂಡ ಸಾಲನ್ನೂ ಎರಡು ವಿಡಿಯೊಗಳನ್ನೂ ಮುಂದಿಟ್ಟು ಒಮ್ಮೆ ಕೇಳಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ಮಂಡ್ಯದವರು ಮಂಡ್ಯದಲ್ಲೂ ಕಲಬುರಗಿಯವರು ಕಲಬುರಗಿಯಲ್ಲೂ ಅರ್ಜಿ ಹಾಕಬಹುದು. ಅದಕ್ಕಾಗಿ ಮತ್ತೆ ಮೈಸೂರಿಗೆ ಬರಬೇಕಾಗಿಲ್ಲ.